ನಗರ ಚಾರ್ಟರಿನ ಮೇಲೆ ಮತದಾನ: ದಿನಾಂಕ ಆರಿಸುವ ಮತ್ತು ಪ್ರಶ್ನೆ ರೂಪಿಸುವ ಬಗೆ

ಕ್ಯಾಲಿಫೋರ್ನಿಯಾದ ನಗರಗಳಲ್ಲಿ ಎರಡು ಬಗೆಗಳಿವೆ. ರಾಜ್ಯ ಶಾಸನಸಭೆ ಎಲ್ಲ ನಗರಗಳಿಗೂ ಸಾಮಾನ್ಯವಾಗಿ ಮಾಡಿರುವ ಕಾಯ್ದೆಯಂತೆ ನಡೆಯುವ ನಗರಗಳು ಒಂದು ಬಗೆಯವಾದರೆ, ತಮ್ಮದೇ ಚಾರ್ಟರ್ ಬರೆದುಕೊಂಡು ಸ್ಥಳೀಯ ವಿಷಯಗಳಲ್ಲಿ ಅದರಂತೆಯೇ ನಡೆಯುವ ನಗರಗಳು ಇನ್ನೊಂದು ಬಗೆಯವು. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಬೇ ಏರಿಯಾದಲ್ಲೇ ನೋಡಿದರೆ ಸ್ಯಾನ್ ಹೋಸೆ, ಸನ್ನಿವೇಲ್, ಸಾಂಟಾ ಕ್ಲಾರಾ ಚಾರ್ಟರ್ ನಗರಗಳು. ಕುಪರ್ಟಿನೊ ಮತ್ತು ಫ್ರೀಮಾಂಟ್ ಸಾಮಾನ್ಯ ಕಾಯ್ದೆಯ ನಗರಗಳು. ಮೇಯರಿಗೆ ಎಷ್ಟು ಅಧಿಕಾರ, ಕೌನ್ಸಿಲ್ ಸದಸ್ಯರಿಗೆ ಎಷ್ಟು ಸಂಬಳ, ನಗರ ಚುನಾವಣೆ ಯಾವ ವರ್ಷ, ಕಾಮಗಾರಿಯ ಗುತ್ತಿಗೆ ಯಾವ ಕ್ರಮದಲ್ಲಿ ಎಂಬಂಥ ಪ್ರಶ್ನೆಗಳಿಗೆ ಚಾರ್ಟರ್ ಉತ್ತರ ಕೊಡುತ್ತದೆ. ಅದು ನಗರದ ಮಟ್ಟಿಗೆ ಸಂವಿಧಾನವಿದ್ದಂತೆ. ಅದನ್ನು ಅಂಗೀಕರಿಸುವ ಅಧಿಕಾರ ಕೌನ್ಸಿಲಿಗೂ ಇಲ್ಲ, ರಾಜ್ಯಪಾಲರಿಗೂ ಇಲ್ಲ; ರಾಜ್ಯ ಸಂವಿಧಾನದ 11ನೇ ವಿಧಿಯ ಪ್ರಕಾರ ಆ ಪ್ರಶ್ನೆಯ ಮೇಲೆ ಮತ ಹಾಕಿದವರ ಸರಳ ಬಹುಮತವೇ ಅದನ್ನು ತೀರ್ಮಾನಿಸುತ್ತದೆ. ಬೆಂಗಳೂರಿನಿಂದ ಬಂದವರಿಗೆ ಇದು ಹೊಸ ಅನುಭವ. 2025ರ ಮೇ 15ರಂದು ಜಾರಿಗೆ ಬಂದು ಆ ನಗರದ ಆಡಳಿತದ ರೂಪವನ್ನೇ ಬದಲಿಸಿದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯನ್ನು ಮಾಡಿದ್ದು ವಿಧಾನಮಂಡಲ. ನಿವಾಸಿಗಳ ಮುಂದೆ ಅದು ಮತದಾನಕ್ಕೆ ಬರಲಿಲ್ಲ.

ಅಮೆರಿಕದ ಪೌರತ್ವ ಪಡೆದು, ತಮ್ಮ ನಗರದ ಚಾರ್ಟರ್ ಸಮಿತಿಯಲ್ಲಿ ಕೂರುವ ಅಥವಾ ಕೌನ್ಸಿಲಿನ ಮುಂದೆ ನಿಂತು ಮಾತನಾಡುವ ಸಂದರ್ಭ ಬಂದವರಿಗಾಗಿ ಈ ಕೈಪಿಡಿ. ಚಾರ್ಟರಿನೊಳಗೆ ಏನಿರಬೇಕೆಂಬ ಚರ್ಚೆಗೆ ಸಮಿತಿಗಳು ತಿಂಗಳುಗಟ್ಟಲೆ ಕೂರುತ್ತವೆ. ಮತದಾನ ಯಾವ ದಿನ, ಪ್ರಶ್ನೆ ಯಾವ ರೂಪದಲ್ಲಿ ಎಂಬುದನ್ನು ಮಾತ್ರ ಕಚೇರಿಯ ಕೆಲಸವೆಂದು ಭಾವಿಸಿ ಕೊನೆಗೆ ಬಿಡುತ್ತವೆ. ಈ ಕ್ರಮ ತಲೆಕೆಳಗಾಗಿದೆ. ಯಾವ ದಿನ ಮತಪೆಟ್ಟಿಗೆ ತೆರೆಯುತ್ತದೆ ಎಂಬುದರ ಮೇಲೆ ಯಾರು ಮತ ಹಾಕುತ್ತಾರೆ ಎಂಬುದು ನಿಂತಿದೆ; ಯಾರು ಮತ ಹಾಕುತ್ತಾರೆ ಎಂಬುದರ ಮೇಲೆ ಚಾರ್ಟರ್ ಯಾರದು ಎಂಬುದು ನಿಂತಿದೆ. ಆದ್ದರಿಂದ ಸಮಿತಿಯ ಮೊದಲ ಸಭೆಯಲ್ಲೇ ಈ ಎರಡು ವಿಷಯಗಳು ಕಾರ್ಯಸೂಚಿಗೆ ಬರಬೇಕು.

ಬೆಲ್ ನಗರದಲ್ಲಿ ನಡೆದದ್ದು

ದಿನಾಂಕದ ಮಹತ್ವ ತಿಳಿಯಲು ಲಾಸ್ ಏಂಜಲೀಸ್ ಕೌಂಟಿಯ ಬೆಲ್ ಎಂಬ ಪುಟ್ಟ ನಗರದ ಕಥೆಯನ್ನು ವಿವರವಾಗಿ ನೋಡಬೇಕು. ಆ ಘಟನೆಯ ಕಾಲಕ್ಕೆ ಸುಮಾರು 36,000 ಜನರಿದ್ದ, ದುಡಿಯುವ ವರ್ಗದವರೂ ವಲಸಿಗರೂ ಹೆಚ್ಚಾಗಿರುವ ಊರು ಅದು. ಸಾಮಾನ್ಯ ಕಾಯ್ದೆಯ ನಗರಗಳಲ್ಲಿ ಕೌನ್ಸಿಲ್ ಸದಸ್ಯರ ಸಂಬಳಕ್ಕೆ ಜನಸಂಖ್ಯೆಯನ್ನು ಆಧರಿಸಿದ ಮಿತಿಯಿದ್ದು, ಆ ಮಿತಿ ಚಾರ್ಟರ್ ನಗರಗಳಿಗೆ ಅನ್ವಯಿಸುವುದಿಲ್ಲ. 2005ರಲ್ಲಿ ಬೆಲ್ ಕೌನ್ಸಿಲ್ ಚಾರ್ಟರ್ ಪ್ರಸ್ತಾಪವನ್ನು ಜನರ ಮುಂದಿಟ್ಟಿತು. ಅದೇ ವರ್ಷದ ನವೆಂಬರ್ 8ರಂದು ಇಡೀ ರಾಜ್ಯದಲ್ಲಿ ವಿಶೇಷ ಚುನಾವಣೆ ನಡೆದಿತ್ತು. ಬೆಲ್ ತನ್ನ ಪ್ರಶ್ನೆಯನ್ನು ಅಂದು ಇಡಲಿಲ್ಲ. ಮೂರು ವಾರ ಬಿಟ್ಟು, ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿದ ಬೆನ್ನಿಗೇ, ನವೆಂಬರ್ 29ರ ಮಂಗಳವಾರ ಪ್ರತ್ಯೇಕ ವಿಶೇಷ ಚುನಾವಣೆಯಾಗಿ ಇಟ್ಟಿತು. ಮತ ಹಾಕಿದವರು 400ಕ್ಕೂ ಕಡಿಮೆ. ಅವರಲ್ಲಿ ಬಹುಪಾಲು ಜನ ಒಪ್ಪಿದ್ದರಿಂದ ಚಾರ್ಟರ್ ಕಾನೂನುಬದ್ಧವಾಗಿಯೇ ಜಾರಿಗೆ ಬಂತು. ಇದರಿಂದ ಕೌನ್ಸಿಲ್ ಸದಸ್ಯರ ಮೇಲಿದ್ದ ಸಂಬಳದ ಮಿತಿ ಹೋಗುತ್ತದೆ ಎಂಬ ಮಾತು ಮತಪತ್ರದಲ್ಲಿ ಇರಲಿಲ್ಲ.

2010ರ ಜುಲೈನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಲೆಕ್ಕವನ್ನು ಹೊರಗೆಳೆದಾಗ, ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ಕೌನ್ಸಿಲ್ ಸದಸ್ಯರು ವರ್ಷಕ್ಕೆ ಒಂದು ಲಕ್ಷ ಡಾಲರಿನ ಆಸುಪಾಸು ಪಡೆಯುತ್ತಿದ್ದದ್ದೂ, ನಗರ ವ್ಯವಸ್ಥಾಪಕ ರಾಬರ್ಟ್ ರಿಝೊ ಅವರ ಸಂಬಳ ಎಂಟು ಲಕ್ಷ ಡಾಲರಿನ ಹತ್ತಿರ ಹೋಗಿದ್ದದ್ದೂ ಬಯಲಾಯಿತು. ವ್ಯವಸ್ಥಾಪಕರ ಸಂಬಳಕ್ಕೆ ಮೊದಲಿನಿಂದಲೂ ಅಂಥ ಮಿತಿ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಆದರೆ ಅದಕ್ಕೆ ಸಹಿ ಹಾಕಬೇಕಾದ ಕೌನ್ಸಿಲ್ ತನ್ನ ಮಿತಿಯಿಂದ ಬಿಡಿಸಿಕೊಂಡದ್ದು ಚಾರ್ಟರಿನ ಮೂಲಕ. 2011ರ ಮಾರ್ಚ್‌ನಲ್ಲಿ ಮತದಾರರು ಕೌನ್ಸಿಲ್ ಸದಸ್ಯರನ್ನು ಮತ ಹಾಕಿ ಹುದ್ದೆಯಿಂದ ಇಳಿಸಿದರು, 2014ರಲ್ಲಿ ರಿಝೊ ಅವರಿಗೆ 12 ವರ್ಷಗಳ ಶಿಕ್ಷೆಯಾಯಿತು.

ಈ ಪ್ರಕರಣದ ನಂತರ ರಾಜ್ಯ 2011ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಕಾನೂನನ್ನು ಬಿಗಿಗೊಳಿಸಿತು. ಈಗ ಹೊಸ ಚಾರ್ಟರನ್ನು ಅಂಗೀಕರಿಸುವ ಪ್ರಸ್ತಾಪ ರಾಜ್ಯಾದ್ಯಂತ ನಡೆಯುವ ಸಾರ್ವತ್ರಿಕ ಚುನಾವಣೆಯಲ್ಲೇ, ಅಂದರೆ ಸಮಸಂಖ್ಯೆಯ ವರ್ಷದ ನವೆಂಬರಿನಲ್ಲೇ ಬರಬೇಕು. ಇರುವ ಚಾರ್ಟರಿಗೆ ಕೌನ್ಸಿಲ್ ತಾನಾಗಿ ತರುವ ತಿದ್ದುಪಡಿಗಳಿಗೆ ಮಾತ್ರ, ಅವು ನಗರ ನೌಕರರ ಹಕ್ಕು ಮತ್ತು ಸೌಲಭ್ಯಗಳನ್ನು ಬದಲಿಸದಿದ್ದಲ್ಲಿ, ನವೆಂಬರಿನ ಅಭ್ಯರ್ಥಿಗಳನ್ನು ಮೊದಲೇ ಆರಿಸುವ ರಾಜ್ಯದ ಪ್ರಾಥಮಿಕ ಚುನಾವಣೆ ಅಥವಾ ನಗರದ ನಿಗದಿತ ಚುನಾವಣೆಯ ಆಯ್ಕೆಯೂ ಇದೆ.

ಯಾವ ನವೆಂಬರ್?

ಕಾನೂನು ಬಾಗಿಲನ್ನು ಕಿರಿದು ಮಾಡಿದ್ದರೂ ಆಯ್ಕೆ ಪೂರ್ತಿ ಮುಗಿದಿಲ್ಲ. ಅಧ್ಯಕ್ಷೀಯ ಚುನಾವಣೆಯ ನವೆಂಬರೋ, ನಡುವಿನ ವರ್ಷದ ನವೆಂಬರೋ ಎಂಬ ಪ್ರಶ್ನೆ ಉಳಿಯುತ್ತದೆ. ತಿದ್ದುಪಡಿಯಾದರೆ ಜೂನ್ ಅಥವಾ ಮಾರ್ಚ್ ತಿಂಗಳ ಪ್ರಾಥಮಿಕ ಚುನಾವಣೆಯೂ ಲೆಕ್ಕಕ್ಕೆ ಬರುತ್ತದೆ. ಅತಿ ಹೆಚ್ಚು ಜನ ಮತ ಹಾಕುವುದು ಅಧ್ಯಕ್ಷೀಯ ವರ್ಷದಲ್ಲಿ. ಬಾಡಿಗೆ ಮನೆಯಲ್ಲಿರುವವರು, ಯುವಕರು, ಇತ್ತೀಚೆಗೆ ಪೌರತ್ವ ಪಡೆದವರು ಸ್ಥಳೀಯ ಚುನಾವಣೆಗೆ ಬಾರದಿದ್ದರೂ ಆ ವರ್ಷ ಬರುತ್ತಾರೆ. ಲಾಸ್ ಏಂಜಲೀಸ್ 2015ರ ಮತದಾನದಲ್ಲಿ ತನ್ನ ನಗರ ಚುನಾವಣೆಗಳನ್ನು ಸಮವರ್ಷಗಳಿಗೆ ಸರಿಸಿಕೊಂಡದ್ದೂ, ಸ್ಯಾನ್ ಹೋಸೆ ಮತ್ತು ಸ್ಯಾನ್ ಫ್ರಾನ್ಸಿಸ್ಕೊ 2022ರಲ್ಲಿ ಮೇಯರ್ ಚುನಾವಣೆಯನ್ನು ಅಧ್ಯಕ್ಷೀಯ ವರ್ಷಕ್ಕೆ ಸರಿಸಿಕೊಂಡದ್ದೂ ಈ ಕಾರಣಕ್ಕೆ.

ಇದಕ್ಕೆ ವಿರುದ್ಧವಾದ ವಾದವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಅಧ್ಯಕ್ಷೀಯ ವರ್ಷದ ಮತಪತ್ರ ಉದ್ದವಾಗಿರುತ್ತದೆ. ರಾಜ್ಯದ ಹತ್ತಾರು ಪ್ರಸ್ತಾಪಗಳು, ಶಾಲಾ ಮಂಡಳಿ, ನೀರಿನ ಮಂಡಳಿ ಎಲ್ಲ ದಾಟಿದ ಮೇಲೆ ನಗರದ ಪ್ರಶ್ನೆ ಬರುತ್ತದೆ, ಅಷ್ಟರಲ್ಲಿ ಕೆಲವರು ಬೇಸತ್ತು ಖಾಲಿ ಬಿಡುತ್ತಾರೆ. ಆದರೆ ತುದಿಯವರೆಗೆ ಬಾರದೆ ನಿಂತವರನ್ನು ಕಳೆದ ಮೇಲೂ ಉಳಿಯುವ ಸಂಖ್ಯೆ ವಿಶೇಷ ಚುನಾವಣೆಯ ಸಂಖ್ಯೆಗಿಂತ ಎಷ್ಟೋ ದೊಡ್ಡದು. ಮತಪತ್ರ ಉದ್ದವಾಗುತ್ತದೆ ಎಂಬುದು ಹೆಚ್ಚು ವಿವರಣೆ ಕೊಡಲು ಕಾರಣವಾಗಬಹುದೇ ಹೊರತು ಕಡಿಮೆ ಜನರನ್ನು ಕೇಳಲು ಕಾರಣವಾಗಬಾರದು. ಖರ್ಚಿನ ದೃಷ್ಟಿಯಿಂದಲೂ ಇದೇ ಸರಿ: ಪ್ರತ್ಯೇಕ ಚುನಾವಣೆಯ ವೆಚ್ಚವನ್ನೆಲ್ಲ ನಗರವೇ ಹೊರಬೇಕು, ಸಾರ್ವತ್ರಿಕ ಚುನಾವಣೆಯ ಜೊತೆ ಸೇರಿಸಿದರೆ ಅದು ಹಂಚಿಹೋಗುತ್ತದೆ.

ಸಮಿತಿಯಲ್ಲಿ ಯಾರಾದರೂ "ಯಾವ ವರ್ಷವಾದರೆ ಗೆಲ್ಲುತ್ತೇವೆ" ಎಂಬ ಲೆಕ್ಕ ಹಾಕಲು ಶುರುಮಾಡಿದರೆ ಸ್ಯಾಕ್ರಮೆಂಟೊ ನಗರದ ಉದಾಹರಣೆ ಕೊಡಿ. ಮೇಯರಿಗೆ ಹೆಚ್ಚು ಅಧಿಕಾರ ಕೊಡುವ ತಿದ್ದುಪಡಿಯನ್ನು ಅಲ್ಲಿ 2014ರ ನಡುವಿನ ವರ್ಷದಲ್ಲಿ ಒಮ್ಮೆ, 2020ರ ಅಧ್ಯಕ್ಷೀಯ ವರ್ಷದಲ್ಲಿ ಇನ್ನೊಮ್ಮೆ ಇಡಲಾಯಿತು. ಎರಡೂ ಸಲ ಸೋತಿತು.

ನವೆಂಬರಿನಿಂದ ಹಿಂದಕ್ಕೆ ಎಣಿಸುವುದು

ದಿನಾಂಕ ಆರಿಸಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಕ್ಯಾಲೆಂಡರನ್ನು ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ ಎಣಿಸುವುದು. ಕೌನ್ಸಿಲ್ ತಾನಾಗಿಯೇ ಹೊಸ ಚಾರ್ಟರ್ ಪ್ರಸ್ತಾಪಿಸುವ ದಾರಿಯನ್ನು ತೆಗೆದುಕೊಳ್ಳೋಣ, ಹೆಚ್ಚಿನ ನಗರಗಳು ಹಿಡಿಯುವುದು ಅದೇ. ಚುನಾವಣೆಗೆ ಕನಿಷ್ಠ 88 ದಿನ ಮೊದಲು ಕೌನ್ಸಿಲಿನ ನಿರ್ಣಯ ಆಗಿರಬೇಕು. ಆ ನಿರ್ಣಯಕ್ಕೆ ಮೊದಲು ಎರಡು ಸಾರ್ವಜನಿಕ ಅಹವಾಲು ಸಭೆಗಳು ನಡೆಯಬೇಕು, ಅವುಗಳ ನಡುವೆ ಕನಿಷ್ಠ 30 ದಿನಗಳ ಅಂತರವಿರಬೇಕು, ಒಂದಾದರೂ ಕಚೇರಿ ವೇಳೆಯ ಹೊರಗೆ ನಡೆಯಬೇಕು. ಪ್ರತಿ ಸಭೆಗೂ 21 ದಿನ ಮೊದಲು ಪ್ರಕಟಣೆ ಹೊರಡಬೇಕು. ಎರಡನೆಯ ಸಭೆ ಮುಗಿದು 21 ದಿನ ಕಳೆಯುವವರೆಗೆ ಕೌನ್ಸಿಲ್ ಅದರ ಮೇಲೆ ಮತ ಹಾಕುವಂತಿಲ್ಲ.

ಇದನ್ನು 2028ರ ನವೆಂಬರ್ 7ರ ಚುನಾವಣೆಗೆ ಅನ್ವಯಿಸಿ ನೋಡಿ. 88 ದಿನ ಹಿಂದಕ್ಕೆ ಹೋದರೆ ಆಗಸ್ಟ್ 11 ಬರುತ್ತದೆ. ಅಲ್ಲಿಂದ 21 ದಿನ ಹಿಂದೆ, ಜುಲೈ 21ರೊಳಗೆ, ಎರಡನೆಯ ಅಹವಾಲು ಸಭೆ ಮುಗಿದಿರಬೇಕು. ಮೊದಲನೆಯದು ಜೂನ್ 21ರೊಳಗೆ ಮುಗಿದಿರಬೇಕು. ಅದರ ಪ್ರಕಟಣೆ ಮೇ 31ಕ್ಕೆ ಹೊರಟಿರಬೇಕು. ಅಂದರೆ ಕನಿಷ್ಠವೆಂದರೂ 160 ದಿನಗಳು, ಅದೂ ಒಂದು ದಿನವೂ ಆಚೀಚೆ ಆಗದಿದ್ದರೆ. ಇಷ್ಟು ಬಿಗಿಯಾದ ಲೆಕ್ಕದ ಮೇಲೆ ಯಾರೂ ಕೂರಬಾರದು. ಮೊದಲ ಸಭೆಯಲ್ಲಿ ಜನ ಎತ್ತಿದ ಆಕ್ಷೇಪಕ್ಕೆ ಕರಡನ್ನು ತಿದ್ದಬೇಕಾದರೆ, ತಿದ್ದಿದ್ದನ್ನು ಸಿಟಿ ಅಟಾರ್ನಿ (ನಗರದ ವಕೀಲರು) ಓದಬೇಕಾದರೆ, ಜುಲೈ ತಿಂಗಳ ರಜೆಯಲ್ಲಿ ಕೌನ್ಸಿಲ್ ಸೇರದಿದ್ದರೆ ಈ ಲೆಕ್ಕ ಕುಸಿಯುತ್ತದೆ. ನನ್ನ ಸಲಹೆಯೆಂದರೆ ಮೊದಲ ಸಭೆಯನ್ನು ಫೆಬ್ರುವರಿ ಅಥವಾ ಮಾರ್ಚ್‌ನಲ್ಲೇ ಇಟ್ಟುಕೊಳ್ಳಿ. ಎರಡೂ ಸಭೆಗಳನ್ನು ಸಂಜೆಯಲ್ಲೇ ಇಡಿ, ಕಾನೂನು ಒಂದನ್ನೇ ಕೇಳಿದರೂ ಸರಿ. ಮಧ್ಯಾಹ್ನ ಎರಡು ಗಂಟೆಯ ಸಭೆಗೆ ನಿವೃತ್ತರೂ ಗುತ್ತಿಗೆದಾರರ ಪ್ರತಿನಿಧಿಗಳೂ ಬರುತ್ತಾರೆ, ಮಕ್ಕಳನ್ನು ಶಾಲೆಯಿಂದ ಕರೆತರಬೇಕಾದವರು ಬರುವುದಿಲ್ಲ.

ಗಡುವು ತಪ್ಪಿದರೆ ನ್ಯಾಯಾಲಯ ಕೈಹಿಡಿಯುತ್ತದೆಂಬ ಭರವಸೆ ಬೇಡ. ಆರೆಂಜ್ ಕೌಂಟಿಯ ಕೋಸ್ಟಾ ಮೇಸಾ ನಗರ 2012ರ ಜೂನ್ ಮತಪತ್ರಕ್ಕೆ ತನ್ನ ಚಾರ್ಟರ್ ಪ್ರಸ್ತಾಪವನ್ನು ಕೌಂಟಿಗೆ ತಲುಪಿಸುವಲ್ಲಿ ತಡಮಾಡಿತು. ನ್ಯಾಯಾಧೀಶರು ವಿನಾಯಿತಿ ಕೊಡದಿದ್ದುದರಿಂದ ಪ್ರಶ್ನೆ ನವೆಂಬರಿಗೆ ಹೋಯಿತು, ಅಲ್ಲಿ ಸೋತಿತು.

ಕೌನ್ಸಿಲಿನ ಮೇಲೆ ನಂಬಿಕೆ ಇಲ್ಲದ ನಗರಗಳಿಗೆ ಇನ್ನೊಂದು ದಾರಿ ಇದೆ: ಮತದಾರರಿಂದಲೇ 15 ಸದಸ್ಯರ ಚಾರ್ಟರ್ ಆಯೋಗವನ್ನು ಆರಿಸುವುದು. ಕೌನ್ಸಿಲ್ ನಿರ್ಣಯದ ಮೂಲಕ, ಇಲ್ಲವೇ ನೋಂದಾಯಿತ ಮತದಾರರಲ್ಲಿ ಕನಿಷ್ಠ 15 ಶೇಕಡಾ ಜನರ ಸಹಿಯಿರುವ ಮನವಿಯ ಮೂಲಕ ಇದನ್ನು ಕೇಳಬಹುದು. ದಾರಿ ಉದ್ದವಾದದ್ದು, ಏಕೆಂದರೆ ಆಯೋಗಕ್ಕೆ ಒಮ್ಮೆ, ಅದು ಬರೆದ ಚಾರ್ಟರಿಗೆ ಇನ್ನೊಮ್ಮೆ ಮತದಾನ ಬೇಕು.

ಒಂದೇ ಪ್ರಶ್ನೆಯೋ, ಹಲವು ಪ್ರಶ್ನೆಗಳೋ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ ತೀರ್ಮಾನ ಇದು. ಎಲ್ಲ ಬದಲಾವಣೆಗಳನ್ನೂ ಒಂದೇ "ಹೌದು ಅಥವಾ ಇಲ್ಲ" ಪ್ರಶ್ನೆಯೊಳಗೆ ಕಟ್ಟಿದರೆ, ಒಂದನ್ನು ಮೆಚ್ಚಿ ಇನ್ನೊಂದನ್ನು ಒಪ್ಪದ ಮತದಾರನ ಕೈ ಕಟ್ಟಿದಂತಾಗುತ್ತದೆ. ಬಿಡಿಬಿಡಿಯಾಗಿ ಕೇಳಿದರೆ ಅರ್ಧ ಗೆದ್ದು ಅರ್ಧ ಸೋತು, ಒಂದಕ್ಕೊಂದು ಹೊಂದದ ಆಡಳಿತ ಉಳಿಯಬಹುದು.

ಲಾಸ್ ಏಂಜಲೀಸ್ 1999ರಲ್ಲಿ ಮಾಡಿದ ರೀತಿ ಅಧ್ಯಯನಕ್ಕೆ ಯೋಗ್ಯವಾದುದು. 1925ರಿಂದ ನಡೆದುಬಂದಿದ್ದ ಹಳೆಯ ಚಾರ್ಟರಿನ ಬದಲು ಹೊಸದನ್ನು ಬರೆಯಲು ಅಲ್ಲಿ ಎರಡು ಆಯೋಗಗಳು ಏಕಕಾಲಕ್ಕೆ ಕೂತಿದ್ದವು, ಒಂದು ನೇಮಕವಾದದ್ದು, ಇನ್ನೊಂದು ಚುನಾಯಿತವಾದದ್ದು. ಎರಡು ಪೈಪೋಟಿಯ ಕರಡುಗಳು ಮತಪತ್ರಕ್ಕೆ ಹೋಗಿದ್ದರೆ ಎರಡೂ ಸೋಲುವ ಸಾಧ್ಯತೆಯಿತ್ತು. ಅವರು ರಾಜಿ ಮಾಡಿಕೊಂಡು ಒಂದೇ ಪಠ್ಯಕ್ಕೆ ಬಂದರು. 15 ಸದಸ್ಯರ ಕೌನ್ಸಿಲನ್ನು ಹಿಗ್ಗಿಸಬೇಕೆ ಎಂಬ ವಿವಾದದ ವಿಷಯವನ್ನು ಮಾತ್ರ ಹೊರಗೆ ತೆಗೆದು, 21 ಸದಸ್ಯರು ಬೇಕೆ, 25 ಬೇಕೆ ಎಂದು ಪ್ರತ್ಯೇಕ ಪ್ರಶ್ನೆಗಳಾಗಿ ಇಡಲಾಯಿತು. ಜೂನ್ 8ರ ಮತದಾನದಲ್ಲಿ ಚಾರ್ಟರ್ ಗೆದ್ದಿತು, ಕೌನ್ಸಿಲ್ ಹಿಗ್ಗಿಸುವ ಎರಡೂ ಪ್ರಶ್ನೆಗಳು ಸೋತವು. ಅವೂ ಮೂಲ ಪಠ್ಯದೊಳಗೇ ಇದ್ದಿದ್ದರೆ ಇಡೀ ಚಾರ್ಟರನ್ನು ಎಳೆದುಕೊಂಡು ಮುಳುಗುತ್ತಿದ್ದವೆಂದು ನಾನು ಭಾವಿಸುತ್ತೇನೆ.

ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಎರಡನ್ನೂ ಪ್ರಯತ್ನಿಸಿ ನೋಡಿದ ನಗರ. 2007ರ ಮೇ ತಿಂಗಳಲ್ಲಿ ಅಲ್ಲಿ ನಾಲ್ಕು ಚಾರ್ಟರ್ ಪ್ರಶ್ನೆಗಳು ಬೇರೆಬೇರೆಯಾಗಿ ಬಂದವು. ಆಡಳಿತದ ಮೂಲ ಸ್ವರೂಪವನ್ನೇ ಬದಲಿಸುವ ಪ್ರಶ್ನೆ ದೊಡ್ಡ ಅಂತರದಿಂದ ಸೋತಿತು, ಉಳಿದ ಮೂರು ಗೆದ್ದವು. ಆ ಮೂರರಲ್ಲಿ ಒಂದು, ಚಾರ್ಟರನ್ನು ಕಾಲಕಾಲಕ್ಕೆ ಪರಿಶೀಲಿಸುವ ಆಯೋಗದ ಏರ್ಪಾಡು. ಅದೇ ಏರ್ಪಾಡಿನಡಿ ಕೂತ 20 ಸದಸ್ಯರ ಆಯೋಗ 2022ರಲ್ಲಿ ಎಲ್ಲವನ್ನೂ ಒಂದೇ ಕಟ್ಟಾಗಿ ಜನರ ಮುಂದಿಟ್ಟಿತು: ನಾಲ್ಕು ವಾರ್ಡುಗಳಿಂದ ಮೂವರಂತೆ 12 ಸದಸ್ಯರು, ಆದ್ಯತೆಯ ಕ್ರಮದಲ್ಲಿ ಮತ ಹಾಕುವ ಪದ್ಧತಿ, ದಿನನಿತ್ಯದ ಆಡಳಿತಕ್ಕೆ ಒಬ್ಬ ವೃತ್ತಿಪರ ಅಧಿಕಾರಿ. ಇದು ಒಂದೇ ವಿಷಯವಲ್ಲ ಎಂದು ವಿರೋಧಿಗಳು ನ್ಯಾಯಾಲಯಕ್ಕೆ ಹೋದರೂ ಪ್ರಶ್ನೆ ಮತಪತ್ರದಲ್ಲಿ ಉಳಿಯಿತು, ಸುಮಾರು 58 ಶೇಕಡಾ ಬೆಂಬಲದೊಂದಿಗೆ ಗೆದ್ದಿತು. ಆಯೋಗದ ವಾದದಲ್ಲಿ ತಿರುಳಿತ್ತು: ಪ್ರತಿ ವಾರ್ಡಿನಿಂದ ಮೂವರನ್ನು ಆರಿಸುವುದಕ್ಕೂ ಆದ್ಯತೆಯ ಮತಕ್ಕೂ ನೇರ ಸಂಬಂಧವಿದೆ, ಒಂದನ್ನು ತೆಗೆದರೆ ಇನ್ನೊಂದರ ಉದ್ದೇಶ ಕೆಡುತ್ತದೆ. ಆದರೆ ಆಡಳಿತಾಧಿಕಾರಿಯ ನೇಮಕವನ್ನು ಬೇರೆಯಾಗಿ ಕೇಳಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆದ್ದರಿಂದ ಸಮಿತಿಯಲ್ಲಿ ಪ್ರತಿ ಅಂಶಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಸೋತರೆ ಉಳಿದದ್ದು ನಡೆಯುತ್ತದೆಯೆ? ನಡೆಯುವುದಿಲ್ಲವಾದರೆ ಒಟ್ಟಿಗೆ ಕಟ್ಟಿ. ನಡೆಯುವುದಾದರೆ ಬಿಡಿಸಿ ಕೇಳಿ, ಮುಖ್ಯವಾಗಿ ಕೌನ್ಸಿಲಿನ ಸಂಬಳ ಮತ್ತು ಅಧಿಕಾರಾವಧಿಗೆ ಸಂಬಂಧಿಸಿದ್ದನ್ನು. ಕ್ಯಾಲಿಫೋರ್ನಿಯಾದಲ್ಲಿ ಒಂದೇ ಚುನಾವಣೆಯಲ್ಲಿ ಪರಸ್ಪರ ವಿರುದ್ಧವಾದ ಎರಡು ಪ್ರಸ್ತಾಪಗಳು ಗೆದ್ದರೆ ಹೆಚ್ಚು "ಹೌದು" ಮತ ಪಡೆದದ್ದು ನಿಲ್ಲುತ್ತದೆ ಎಂದು ಸಂವಿಧಾನವೇ ಹೇಳಿರುವುದರಿಂದ ಬಿಡಿಸಿ ಕೇಳಲು ಹೆದರಬೇಕಾಗಿಲ್ಲ.

75 ಪದಗಳು

ಮತಪತ್ರದ ಮೇಲೆ ಅಚ್ಚಾಗುವ ಪ್ರಶ್ನೆಗೆ ರಾಜ್ಯದಲ್ಲಿ 75 ಪದಗಳ ಮಿತಿಯಿದೆ. ಹೆಚ್ಚಿನ ಮತದಾರರು ಓದುವುದು ಅಷ್ಟನ್ನೇ. "ಸ್ಥಳೀಯ ನಿಯಂತ್ರಣವನ್ನು ಬಲಪಡಿಸಲು, ಪಾರದರ್ಶಕತೆ ಹೆಚ್ಚಿಸಲು" ಎಂದು ಆರಂಭವಾಗುವ ಪ್ರಶ್ನೆ ಕಂಡರೆ ಅದು ಪ್ರಚಾರದ ಮಾತೆಂದು ತಿಳಿದು ಆಕ್ಷೇಪಿಸಿ; ಏನು ಬದಲಾಗುತ್ತದೆ ಎಂಬುದು ಮಾತ್ರ ಅಲ್ಲಿರಬೇಕು. ಬೆಲ್ ಪ್ರಕರಣದ ನಂತರದ ಕಾನೂನಿನಂತೆ, ಚಾರ್ಟರಿನಿಂದ ನಗರಕ್ಕೆ ಹೊಸದಾಗಿ ಬರುವ ಅಧಿಕಾರಗಳನ್ನು ಮತಪತ್ರದ ವಿವರಣೆಯಲ್ಲಿ ಪಟ್ಟಿ ಮಾಡಬೇಕು; ಮತದಾರರನ್ನು ಕೇಳದೆ ಕೌನ್ಸಿಲ್ ತನ್ನ ಸಂಬಳ ಏರಿಸಿಕೊಳ್ಳಬಹುದೇ ಎಂಬುದನ್ನು ಸ್ಪಷ್ಟವಾಗಿ ಹೇಳಲೇಬೇಕು. ಕರಡು ಸಿದ್ಧವಾದಾಗ ಚಾರ್ಟರಿನ ಹಿನ್ನೆಲೆ ಗೊತ್ತಿಲ್ಲದ ನೆರೆಯವರಿಬ್ಬರಿಗೆ ಓದಲು ಕೊಟ್ಟು, "ಹೌದು ಎಂದರೆ ಏನಾಗುತ್ತದೆ" ಎಂದು ಕೇಳಿ. ಉತ್ತರಗಳು ಬೇರೆಬೇರೆಯಾದರೆ ವಾಕ್ಯವನ್ನು ಮತ್ತೆ ಬರೆಯಿರಿ.

ಪ್ರಶ್ನೆಯ ಜೊತೆಗೆ ಮತದಾರರ ಮಾಹಿತಿ ಪುಸ್ತಿಕೆಯಲ್ಲಿ ಸಿಟಿ ಅಟಾರ್ನಿಯ ನಿಷ್ಪಕ್ಷಪಾತ ವಿಶ್ಲೇಷಣೆ 500 ಪದಗಳೊಳಗೆ, ಪರ ಮತ್ತು ವಿರೋಧ ವಾದಗಳು ತಲಾ 300 ಪದಗಳೊಳಗೆ, ಮರುವಾದಗಳು 250 ಪದಗಳೊಳಗೆ ಬರುತ್ತವೆ. ಅಚ್ಚಾಗುವ ಮೊದಲು ಇವನ್ನು ಹತ್ತು ದಿನ ಸಾರ್ವಜನಿಕ ಪರಿಶೀಲನೆಗೆ ಇಡಲಾಗುತ್ತದೆ, ಸುಳ್ಳು ಅಥವಾ ದಾರಿತಪ್ಪಿಸುವ ಮಾತಿದ್ದರೆ ಯಾವ ಮತದಾರರಾದರೂ ನ್ಯಾಯಾಲಯಕ್ಕೆ ಹೋಗಬಹುದು. ಆ ಹತ್ತು ದಿನಗಳು ಯಾವಾಗ ಎಂಬುದನ್ನು ನಗರದ ಚುನಾವಣೆ ನೋಡಿಕೊಳ್ಳುವ ಸಿಟಿ ಕ್ಲರ್ಕ್ ಕಚೇರಿಯಲ್ಲಿ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಜಗಳ ತಡವಾದರೆ ಏನಾಗುತ್ತದೆಂಬುದಕ್ಕೆ ಮಿನ್ನಿಯಾಪೊಲಿಸ್ ಸಾಕ್ಷಿ. 2021ರಲ್ಲಿ ಅಲ್ಲಿ ಪೊಲೀಸ್ ಇಲಾಖೆಯ ಜಾಗದಲ್ಲಿ ಸಾರ್ವಜನಿಕ ಸುರಕ್ಷತಾ ಇಲಾಖೆ ತರುವ ಚಾರ್ಟರ್ ಪ್ರಶ್ನೆಯ ಪದಗಳ ಬಗ್ಗೆ ಮೊಕದ್ದಮೆಯ ಮೇಲೆ ಮೊಕದ್ದಮೆ ನಡೆದು, ರಾಜ್ಯದ ಸುಪ್ರೀಂ ಕೋರ್ಟಿನ ಅಂತಿಮ ತೀರ್ಮಾನ ಬಂದದ್ದು ಸೆಪ್ಟೆಂಬರ್ 16ರಂದು, ಮುಂಗಡ ಮತದಾನ ಆರಂಭವಾಗುವ ಹಿಂದಿನ ದಿನ. ಪ್ರಶ್ನೆ ಕೊನೆಗೆ ಸೋತಿತು. ಆದರೆ ಚರ್ಚೆಗೆ ಸಿಗಬೇಕಾಗಿದ್ದ ವಾರಗಳನ್ನು ವಾಕ್ಯರಚನೆಯ ವ್ಯಾಜ್ಯ ತಿಂದುಹಾಕಿತ್ತು.

ಮತಪತ್ರ ಮನೆಗೆ ಬರುವ ಮೊದಲು

ಕ್ಯಾಲಿಫೋರ್ನಿಯಾದಲ್ಲಿ ಸಕ್ರಿಯ ನೋಂದಣಿಯಿರುವ ಪ್ರತಿ ಮತದಾರರಿಗೂ ಚುನಾವಣೆಗೆ 29 ದಿನಗಳಿರುವಾಗ ಅಂಚೆಯಲ್ಲಿ ಮತಪತ್ರ ಹೊರಡಲು ಆರಂಭವಾಗುತ್ತದೆ. ನವೆಂಬರ್ 7ರ ಚುನಾವಣೆಯಾದರೆ ಅದು ಅಕ್ಟೋಬರ್ 9. ಅದು ಕೈಸೇರಿದ ಸಂಜೆಯೇ ಅಡುಗೆಮನೆಯ ಮೇಜಿನ ಮೇಲೆ ಮತ ಗುರುತು ಹಾಕಿ ಮುಗಿಸುವವರಿದ್ದಾರೆ, ಹಾಗಾಗಿ ಅಕ್ಟೋಬರ್ ಕೊನೆಯ ವಾರದಲ್ಲಿ ಇಡುವ ವಿವರಣಾ ಸಭೆ ಅವರ ಪಾಲಿಗೆ ನಡೆಯದಂತೆಯೇ. ಸೆಪ್ಟೆಂಬರಿನಲ್ಲೇ ಗ್ರಂಥಾಲಯ, ದೇವಸ್ಥಾನದ ಸಭಾಂಗಣ, ಕನ್ನಡ ಕೂಟದ ಗಣೇಶೋತ್ಸವ ಎಲ್ಲಿ ಜನ ಸೇರುತ್ತಾರೋ ಅಲ್ಲಿಗೆ ಹೋಗಿ. ಮಕ್ಕಳ ಜೊತೆ ಬಂದು ನೆಲೆಸಿ ಪೌರತ್ವ ಪಡೆದ ಹಿರಿಯರಿಗೆ ಕನ್ನಡದಲ್ಲಿ ಬಾಯಿಮಾತಿನಲ್ಲಿ ವಿವರಿಸುವವರು ಬೇಕು, ಪುಸ್ತಿಕೆ ಸಾಲದು. ನಗರಾಡಳಿತ ಸಾರ್ವಜನಿಕ ಹಣದಲ್ಲಿ ಮಾಹಿತಿ ಕೊಡಬಹುದೇ ಹೊರತು "ಹೌದು ಎನ್ನಿ" ಎಂದು ಪ್ರಚಾರ ಮಾಡುವಂತಿಲ್ಲ. ನಗರದ ಲಾಂಛನವಿರುವ ಕರಪತ್ರದಲ್ಲಿ ಅಂಥ ಮಾತು ಕಂಡರೆ ಸಿಟಿ ಕ್ಲರ್ಕಿಗೆ ಲಿಖಿತವಾಗಿ ತಿಳಿಸಿ.

ಗೆದ್ದ ಚಾರ್ಟರ್ ಮತ ಎಣಿಕೆಯ ರಾತ್ರಿಯೇ ಜಾರಿಗೆ ಬರುವುದಿಲ್ಲ. ಫಲಿತಾಂಶ ದೃಢವಾಗಿ, ಚಾರ್ಟರಿನ ನಕಲು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ದಾಖಲಾದ ಮೇಲೆ ಅದಕ್ಕೆ ಕಾನೂನಿನ ಬಲ ಬರುತ್ತದೆ. ಒಳಗಿನ ಏರ್ಪಾಡುಗಳು ಯಾವ ದಿನದಿಂದ ನಡೆಯಬೇಕೆಂಬುದನ್ನು ಚಾರ್ಟರಿನಲ್ಲೇ ಬರೆದಿಡಬೇಕು: 1999ರಲ್ಲಿ ಅಂಗೀಕೃತವಾದ ಲಾಸ್ ಏಂಜಲೀಸ್ ಚಾರ್ಟರ್ ನಡೆಗೆ ಬಂದದ್ದು 2000ದ ಜುಲೈ 1ರಂದು, 2022ರಲ್ಲಿ ಗೆದ್ದ ಪೋರ್ಟ್‌ಲ್ಯಾಂಡ್ ಬದಲಾವಣೆಯ ಪ್ರಕಾರ ಹೊಸ ಕೌನ್ಸಿಲ್ ಕೂತದ್ದು 2025ರ ಜನವರಿಯಲ್ಲಿ. ವಾರ್ಡುಗಳ ಗಡಿ ಎಳೆಯಬೇಕಾದ ಚಾರ್ಟರಿಗೆ ಎರಡು ವರ್ಷ ಹೆಚ್ಚೇನಲ್ಲ. ಸೋತರೆ, ಅದೇ ಪಠ್ಯವನ್ನು ಮುಂದಿನ ಸಮವರ್ಷಕ್ಕೆ ಹಾಗೆಯೇ ಎತ್ತಿಡುವ ಮೊದಲು ಯಾವ ಅಂಶ ಸೋಲಿಸಿತೆಂದು ಬೀದಿಬೀದಿಯಲ್ಲಿ ವಿಚಾರಿಸಿ. ಕೋಸ್ಟಾ ಮೇಸಾ 2014ರಲ್ಲಿ ನಿವಾಸಿಗಳ ಸಮಿತಿಯಿಂದ ಹೊಸ ಕರಡನ್ನೇ ಬರೆಸಿ ಮತ್ತೆ ಕೇಳಿದಾಗಲೂ ಉತ್ತರ "ಇಲ್ಲ" ಎಂದೇ ಬಂತು, ಆ ನಗರ ಸಾಮಾನ್ಯ ಕಾಯ್ದೆಯಡಿಯಲ್ಲೇ ಮುಂದುವರಿಯಿತು.